ತೋಟದ ಮಂಜೂರಿ ಮತ್ತು ಹೋಟೆಲಿನ ಹಿಂಬಾಗಿಲು

ಪುಣೆಯ ಹೊರಗಿನ ಚಾಕಣದ ಕಾರ್ಖಾನೆಯಲ್ಲಿ ನಮ್ಮ ವಿಭಾಗವನ್ನು ಮುಚ್ಚಿದ ಮೇಲೂ ನನಗೆ ಬೆಳಕು ಹರಿಯುವ ಮೊದಲೇ ಎಚ್ಚರವಾಗುತ್ತಿತ್ತು. ಕಂಪನಿ ಬಸ್ಸು ಕೋಥರೂಡದ ನಮ್ಮ ಮೂಲೆಗೆ ಬರುವ ಹೊತ್ತಿಗೆ ಗಡ್ಡ ಬೋಳಿಸಿಕೊಂಡು, ಇಸ್ತ್ರಿ ಅಂಗಿ ತೊಟ್ಟು ಬಾಲ್ಕನಿಯಲ್ಲಿ ನಿಂತಿರುತ್ತಿದ್ದೆ. ಬಸ್ಸು ಬರುತ್ತಿತ್ತು, ಬೇರೆ ವಿಭಾಗದವರು ಹತ್ತುತ್ತಿದ್ದರು, ಅದು ಹೊರಟುಹೋಗುತ್ತಿತ್ತು. ಆಮೇಲೆ ಇಡೀ ದಿನವನ್ನು ಏನು ಮಾಡಬೇಕೆಂದು ನನಗೆ ತಿಳಿಯುತ್ತಿರಲಿಲ್ಲ.

ಬೆಳಗಾವಿ ಬಿಟ್ಟು ಪುಣೆಗೆ ಬಂದ ದಿನದಿಂದಲೂ ನಾನು ಮಾಡಿದ್ದು ಒಂದೇ ಕೆಲಸ. ಯಂತ್ರದಿಂದ ಹೊರಬಂದ ಬಿಡಿಭಾಗಗಳನ್ನು ಅಳೆದು, ಸರಿಯಿದ್ದದ್ದನ್ನು ಈ ಕಡೆ, ಇಲ್ಲದ್ದನ್ನು ಆ ಕಡೆ ಇಡುವುದು. ಮನೆಯಲ್ಲಿ ಕುಳಿತ ಮೇಲೆ ಆ ಚಟ ಅಡುಗೆಮನೆಗೆ ಇಳಿಯಿತು. ಬ್ಯಾಂಕಿನಿಂದ ಸಂಜೆ ಬಂದ ಹೆಂಡತಿ ಒಗ್ಗರಣೆಗೆ ಸಾಸಿವೆ ಹುಡುಕಿ ಸಾಕಾಗಿ ಹೊರಗೆ ಬಂದಳು.

"ರೀ, ಡಬ್ಬಿ ಎಲ್ಲಾ ಎತ್ತರದ ಪ್ರಕಾರ ಹೊಂದಿಸಿಟ್ಟೀರಿ. ನನಗ ಎತ್ತರ ಬ್ಯಾಡ್ರಿ, ಸಾಸ್ವಿ ಬೇಕು. ನಾಳಿಂದ ಅಡಗಿಮನ್ಯಾಗ ಕೈ ಹಾಕಬ್ಯಾಡ್ರಿ."

ನಾನು ಚಪ್ಪಲಿ ಮೆಟ್ಟಿಕೊಂಡು ಹೊರಗೆ ನಡೆದೆ. ಆಗೆಲ್ಲ ಹೀಗೇ. ಮನೆಯಲ್ಲಿದ್ದರೆ ಹೊರಗೆ ಹೋಗಬೇಕೆನಿಸುವುದು, ಹೊರಗೆ ಹೋದರೆ ಎಲ್ಲಿಗೆ ಅನ್ನುವುದು ಗೊತ್ತಿಲ್ಲ. ಕಡೆಗೆ ಕಾಲು ಹೋಗಿ ನಿಲ್ಲುತ್ತಿದ್ದುದು ನಮ್ಮ ಗಲ್ಲಿಯ ತುದಿಯ ಹೋಟೆಲಿನಲ್ಲಿ.

ಅದು ಉಡುಪಿ ಕಡೆಯವರ ಹೋಟೆಲು. ಯಜಮಾನರಿಗೆ ಪಾರ್ಶ್ವವಾಯು ಹೊಡೆದ ಮೇಲೆ ಅವರ ಹೆಂಡತಿಯೇ ಗಲ್ಲಾದಲ್ಲಿ ಕೂರುತ್ತಿದ್ದರು. ನನಗಿಂತ ಹಿರಿಯರು, ನಾನು ಅಕ್ಕಾರ ಅನ್ನುತ್ತಿದ್ದೆ. ನನ್ನ ಬೆಳಗಾವಿಯ ಮಾತಿಗೆ ಅವರು ನಗುತ್ತಿದ್ದರು, ಅವರ ಘಟ್ಟದ ಕೆಳಗಿನ ಮಾತಿಗೆ ನಾನು. ಆದರೂ ಮನೆಯ ಹೊರಗೆ ನನಗೆ ಕನ್ನಡ ಮಾತಾಡಲು ಸಿಗುತ್ತಿದ್ದ ಜಾಗ ಅದೊಂದೇ. ಕೆಲಸ ಹೋದದ್ದನ್ನು ಹೆಂಡತಿಗೆ ಹೇಳುವ ಮೊದಲು ಹೇಳಿದ್ದೂ ಅವರಿಗೇ. ಅವರು ಸಮಾಧಾನದ ಮಾತು ಏನೂ ಆಡಲಿಲ್ಲ. "ಮೊದಲು ಹೊಟ್ಟೆಗೆ ಹಾಕಿ ಮಾರಾಯ್ರೆ, ಆಮೇಲೆ ಮನೆಗೆ ಹೋಗಿ ಹೇಳಿ" ಅಂದು ಒಂದು ತಟ್ಟೆ ಬನ್ಸ್ ತರಿಸಿ ಮುಂದಿಟ್ಟಿದ್ದರು.

ಹೋಟೆಲಿನ ಹಿಂದೆ, ನಮ್ಮ ಅಪಾರ್ಟ್‌ಮೆಂಟ್ ಸೊಸಾಯಿಟಿಯ ಗೋಡೆಗೆ ತಾಗಿ, ಮಹಾನಗರಪಾಲಿಕೆಯ ಒಂದು ಖಾಲಿ ಜಾಗವಿತ್ತು. ನಗರದ ನಕ್ಷೆಯಲ್ಲಿ ಅದಕ್ಕೆ ಹಸಿರು ಬಣ್ಣ ಬಳಿದು ಉದ್ಯಾನಕ್ಕೆ ಮೀಸಲು ಎಂದು ಬರೆದಿದ್ದರಂತೆ. ನೆಲದ ಮೇಲೆ ಇದ್ದದ್ದು ಮಾತ್ರ ಒಡೆದ ಟೈಲ್ಸು, ಹಳೆಯ ಕಮೋಡು, ಮುಳ್ಳುಕಂಟಿ. ಯಾರದೋ ಮನೆಯ ರಿಪೇರಿ ಮುಗಿದರೆ ಅದರ ಕಸವೆಲ್ಲ ಅಲ್ಲಿಗೇ ಬರುತ್ತಿತ್ತು. ಅಲ್ಲಿ ತೋಟ ಮಾಡಬೇಕು, ಅಲಂಕಾರದ ತೋಟವಲ್ಲ, ಮನೆಮನೆಯವರು ಒಂದೊಂದು ಮಡಿ ಹಿಡಿದು ಕಾಯಿಪಲ್ಲೆ ಬೆಳೆಯುವ ತೋಟ ಅನ್ನುವುದು ನಮ್ಮ ನೆಲಮಹಡಿಯ ಬಾಯಿಯವರ ಹಟ. ಮರಾಠಿ ಶಾಲೆಯೊಂದರ ಮುಖ್ಯಾಧ್ಯಾಪಕಿಯಾಗಿ ನಿವೃತ್ತರಾದವರು ಅವರು, ಸೊಸಾಯಿಟಿಯ ಚಿಕ್ಕವರು ದೊಡ್ಡವರೆಲ್ಲ ಅವರನ್ನು ಕರೆಯುತ್ತಿದ್ದುದು, ಮರಾಠಿ ಶಾಲೆಯ ಮಕ್ಕಳು ಟೀಚರನ್ನು ಕರೆಯುವಂತೆ, ಬಾಯಿ ಎಂದೇ. ಸಭೆಯಲ್ಲಿ ಅವರು ಎದ್ದು ನಿಂತು ಹೇಳಿದ್ದಕ್ಕೆ ಯಾರೂ ಎದುರಾಡಲಿಲ್ಲ. ಪಾಲಿಕೆಯ ಮಂಜೂರಿ ತರಲು ಓಡಾಡುವವರು ಯಾರು ಅನ್ನುವಾಗ ಮಾತ್ರ ಎಲ್ಲರೂ ಮೊಬೈಲು ನೋಡತೊಡಗಿದರು.

ಬಾಯಿ ನನ್ನ ಕಡೆ ತಿರುಗಿದರು. "ತುಮಚ್ಯಾಕಡೇ ವೇಳ ಆಹೇ ನಾ?"

ನಿಮ್ಮ ಹತ್ತಿರ ಸಮಯವಿದೆಯಲ್ಲ, ಅಷ್ಟೇ ಅವರು ಕೇಳಿದ್ದು. ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ. ಆದರೂ ಎಲ್ಲರ ಮುಂದೆ ಕಿವಿ ಬಿಸಿಯಾಯಿತು. ಹೂಂ ಅಂದೆ.

ಮರುದಿನದಿಂದ ನನಗೆ ಹೋಗಲು ಒಂದು ಜಾಗ ಸಿಕ್ಕಿತು. ವಾರ್ಡ್ ಆಫೀಸಿನ ಬಾಗಿಲು ತೆಗೆಯುವ ಮೊದಲೇ ಹೋಗಿ ಮೆಟ್ಟಿಲ ಮೇಲೆ ನಿಲ್ಲುತ್ತಿದ್ದೆ. ಉದ್ಯಾನ ವಿಭಾಗದವರು, ಜಾಗ ನಮ್ಮ ಸ್ವಾಧೀನಕ್ಕೆ ಬಂದೇ ಇಲ್ಲ, ಆಸ್ತಿ ವಿಭಾಗಕ್ಕೆ ಹೋಗಿ ಅಂದರು. ಆಸ್ತಿ ವಿಭಾಗದವರು, ಉದ್ಯಾನದವರು ಬೇಕೆಂದು ಬರೆದು ಕೊಡಲಿ ಅಂದರು. ನಕ್ಷೆಯ ವಿಭಾಗದಲ್ಲಿ ಒಬ್ಬರು, ಕಾಯಿಪಲ್ಲೆ ಬೆಳೆದರೆ ಅದು ಉದ್ಯಾನವೋ ಹೊಲವೋ ಎಂದು ನನ್ನನ್ನೇ ಕೇಳಿದರು. ಅಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಮೆಟ್ಟಿಲು ಇಳಿಯುವಾಗ ನಗು ಹೋಗಿತ್ತು. ನಮ್ಮ ಕಾರ್ಖಾನೆಯಲ್ಲಿ ಒಂದು ಭಾಗ ಸರಿಯಿದೆಯೋ ಇಲ್ಲವೋ ಅಲ್ಲಿಯೇ ತೀರ್ಮಾನವಾಗುತ್ತಿತ್ತು. ಇಲ್ಲಿ ಒಂದು ಮೇಜಿನಿಂದ ಪಕ್ಕದ ಮೇಜಿಗೆ ಹೋಗಲು ಫೈಲು ಊರು ಸುತ್ತಿ ಬರುತ್ತಿತ್ತು, ಅದರ ಹಿಂದೆ ನಾನೂ.

ಕೆಲಸವಿಲ್ಲದ ದಿನವೂ ಹೋಗತೊಡಗಿದೆ. ಫೈಲು ಎಲ್ಲಿದೆ ಎಂದು ಬರೀ ನೋಡಿಕೊಂಡು ಬರುವುದಕ್ಕೆ. ಮನೆಗೆ ಬಂದರೆ ಉಣ್ಣಲು ಕುಳಿತಲ್ಲೇ ಕಾಲು ಕುಣಿಯುತ್ತಿತ್ತು. ಹೆಂಡತಿ ಟೇಬಲ್ಲಿನ ಅಲುಗಾಟ ನೋಡಿ ನನ್ನ ತೊಡೆಯ ಮೇಲೆ ಕೈ ಒತ್ತುತ್ತಿದ್ದಳು. ಕೈ ತೆಗೆದರೆ ಮತ್ತೆ ಶುರು.

ಕಡೆಗೂ ಫೈಲು ಒಂದು ಹಂತಕ್ಕೆ ಬಂತು. ಜಾಗದಲ್ಲಿ ಸಾಮುದಾಯಿಕ ತೋಟ ಮಾಡಲು ಪಾಲಿಕೆ ಯೋಚಿಸಿದೆ, ತಕರಾರಿದ್ದವರು ತಿಳಿಸಬೇಕು ಎಂಬ ನೋಟೀಸನ್ನು ಪಾಲಿಕೆಯವರು ಬಂದು ಆ ಜಾಗದ ಗೋಡೆಗೆ ಹಚ್ಚಿ ಹೋದರು. ಬಾಯಿ ಪೇಢೆ ತರಿಸಿ ಹಂಚಿದರು. ಯಾರು ತಕರಾರು ಮಾಡುತ್ತಾರೆ, ಆ ಕಸದಲ್ಲಿ ಹೊರಳುವ ಹಂದಿಗಳು ಮಾಡಬೇಕಷ್ಟೇ ಅಂದರು.

ಅದಾದ ಸ್ವಲ್ಪ ದಿನಕ್ಕೆ, ಊಟದ ಗದ್ದಲ ಮುಗಿದ ಮಧ್ಯಾಹ್ನ, ನಾನು ಹೋಟೆಲಿಗೆ ಹೋದಾಗ ಅಕ್ಕ ಗಲ್ಲಾ ಬಿಟ್ಟು ಬಂದು ನನ್ನೆದುರಿನ ಕುರ್ಚಿಯಲ್ಲಿ ಕುಳಿತರು. ಹಾಗೆ ಅವರು ಎಂದೂ ಕುಳಿತವರಲ್ಲ.

"ಒಂದು ಮಾತು ಹೇಳ್ಲಿಕ್ಕುಂಟು. ಬೇರೆಯವರ ಬಾಯಿಂದ ಗೊತ್ತಾಗುದು ಬೇಡ ಅಂತ ನಾನೇ ಹೇಳ್ತಿದ್ದೇನೆ. ಆ ನೋಟೀಸಿಗೆ ನಾನು ತಕರಾರು ಕೊಟ್ಟಿದ್ದೇನೆ."

ನನಗೆ ಮೊದಲು ಅರ್ಥವೇ ಆಗಲಿಲ್ಲ. "ಯಾಕ್ರಿ ಅಕ್ಕಾರ? ನಿಮಗೇನ ತ್ರಾಸ ಆಗ್ತದ ತೋಟದ್ದು?"

"ತೋಟದ್ದು ಎಂತ ತೊಂದರೆ ಇಲ್ಲ. ಸುತ್ತ ತಂತಿ ಬೇಲಿ ಹಾಕ್ತಾರಲ್ಲ, ಅದು. ನನ್ನ ಅಡುಗೆಕೋಣೆಯ ಹಿಂದಿನ ಬಾಗಿಲು ತೆಗೆಯುದೇ ಆ ಜಾಗಕ್ಕೆ. ಸಿಲಿಂಡರ್ ಅಲ್ಲಿಂದಲೇ ಬರುದು, ಕೆಲಸದವ್ರು ಅಲ್ಲಿಂದಲೇ ಓಡಾಡುದು. ನಾಳೆ ಒಳಗೆ ಬೆಂಕಿ ಬಿದ್ರೆ ಅವ್ರು ಎಲ್ಲಿಂದ ಓಡ್ಬೇಕು, ನೀವೇ ಹೇಳಿ. ಬೆಂಕಿ ಇಲಾಖೆಯವ್ರು ಹಿಂದಿನ ಬಾಗಿಲು ಇಲ್ಲದೆ ಲೈಸನ್ಸಿಗೆ ಒಪ್ಪುದೂ ಇಲ್ಲ."

"ಅದನ್ನ ನನಗ ಮೊದಲ ಹೇಳ್ಬೇಕಿತ್ತಲ್ರಿ."

"ಹೇಳಿದ್ದೆ. ಎರಡು ಸಲ. ನೀವು ಫೈಲಿನ ಕಥೆ ಹೇಳ್ತಾ ಇದ್ರಿ, ನಿಮಗೆ ಕೇಳಲಿಲ್ಲ."

ಇರಬಹುದು. ಆದರೆ ಆ ಹೊತ್ತಿಗೆ ನನಗೆ ಕಂಡದ್ದು ಒಂದೇ, ಇಷ್ಟು ದಿನ ನಾನು ಬಿಸಿಲಲ್ಲಿ ಅಲೆದದ್ದು ಈಗ ಹಿಂದಕ್ಕೆ ಹೋಗುತ್ತದೆ, ಅದೂ ಇವರ ಕೈಯಿಂದ. ಚಹಾ ಅರ್ಧದಲ್ಲೇ ಬಿಟ್ಟು ಎದ್ದೆ. ಅವರು ತಡೆಯಲಿಲ್ಲ.

ಹೋಟೆಲಿಗೆ ಹೋಗುವುದು ನಿಂತಿತು. ದಿನ ಇನ್ನೂ ಉದ್ದವಾಯಿತು. ತಕರಾರಿನ ಸುನಾವಣಿ, ಅಂದರೆ ವಿಚಾರಣೆ, ಯಾವ ದಿನ ಎಂದು ಗೊತ್ತಾದ ಮೇಲೆ ಬಾಯಿ ನನ್ನನ್ನು ಕೂರಿಸಿಕೊಂಡು, ಹೋಟೆಲಿನವರು ಸರ್ಕಾರಿ ಜಾಗವನ್ನು ಇಷ್ಟು ವರ್ಷ ಪುಕ್ಕಟೆ ಬಳಸಿದ್ದಾರೆ ಎಂದು ಹೇಗೆ ವಾದಿಸಬೇಕೆಂದು ಪಾಠ ಹೇಳಿದರು. ನಾನು ಅದನ್ನು ಮನೆಯಲ್ಲಿ ಅತ್ತಿಂದಿತ್ತ ನಡೆಯುತ್ತ ಮರಾಠಿಯಲ್ಲಿ ಬಾಯಿಪಾಠ ಮಾಡುತ್ತಿದ್ದೆ. ಅಡುಗೆಮನೆಯಿಂದ ಹಾಲ್, ಹಾಲ್‌ನಿಂದ ಬಾಲ್ಕನಿ. ರವಿವಾರ ಹೆಂಡತಿ ಮೆಂತ್ಯದ ಸೊಪ್ಪು ಸೋಸುತ್ತ ನೆಲದ ಮೇಲೆ ಕುಳಿತಿದ್ದವಳು, ನಾನು ಅವಳನ್ನು ದಾಟುವಾಗ ನನ್ನ ಪ್ಯಾಂಟು ಹಿಡಿದು ನಿಲ್ಲಿಸಿದಳು.

"ಒಂದ ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ನಿಮಗ ತೋಟ ಬೇಕಾಗ್ಯದೋ, ಡ್ಯೂಟಿ ಬೇಕಾಗ್ಯದೋ?"

"ಇದ್ಯಾವ ಪ್ರಶ್ನೆ?"

"ಇಷ್ಟ ವರ್ಷದಾಗ ಒಂದ ತುಳಸಿಗೆ ನೀರ ಹಾಕಿದವರಲ್ಲ ನೀವು. ಈಗ ಒಂದ ಬಾಗಿಲದ ಸಲುವಾಗಿ ಆ ಅಕ್ಕಾರನ್ನ ವೈರಿ ಮಾಡ್ಕೊಂಡು ಅಡ್ಡಾಡ್ಲಿಕತ್ತೀರಿ."

ಅವಳು ಪ್ಯಾಂಟು ಬಿಟ್ಟು ಮತ್ತೆ ಮೆಂತ್ಯ ಸೋಸತೊಡಗಿದಳು. ನಾನು ಹೊರಗೆ ಹೋಗಿ ಕರ್ವೆ ರಸ್ತೆಯ ತನಕ ಸುಮ್ಮನೆ ನಡೆದು, ತಿರುಗಿ ಬಂದೆ. ಸಿಟ್ಟು ಯಾರ ಮೇಲೆ ಎಂದು ಗೊತ್ತಾಗದ ಸಿಟ್ಟು ಅದು.

ಸುನಾವಣಿಯ ದಿನ ಬಾಯಿ ಮತ್ತು ನಾನು ಒಂದೇ ರಿಕ್ಷಾದಲ್ಲಿ ಹೋದೆವು. ವಾರ್ಡ್ ಆಫೀಸಿನ ಮೇಲಿನ ಮಹಡಿಯ ಕೋಣೆ. ಮೇಜಿನ ಆ ಕಡೆ ಪಾಲಿಕೆಯ ಇಂಜಿನಿಯರ್, ಈ ಕಡೆ ನಾವು, ನಮ್ಮ ಹಿಂದೆ ಸೊಸಾಯಿಟಿಯ ಕೆಲವರು. ಅಕ್ಕ ಒಬ್ಬರೇ ಬಂದಿದ್ದರು. ಗಲ್ಲಾದಲ್ಲಿ ಕುಳಿತು ಇಡೀ ಹೋಟೆಲನ್ನು ಕಣ್ಣಲ್ಲೇ ನಡೆಸುವ ಹೆಂಗಸು, ಅಲ್ಲಿ ಸೆರಗನ್ನು ಭುಜದ ಮೇಲೆ ಎಳೆದುಕೊಂಡು ಕುರ್ಚಿಯ ತುದಿಯಲ್ಲಿ ಕುಳಿತಿದ್ದರು. ನನ್ನನ್ನು ನೋಡಿ ತಲೆ ಅಲ್ಲಾಡಿಸಿದರು. ನಾನು ಕಿಟಕಿಯ ಕಡೆ ನೋಡಿದೆ.

ನಾನು ಬಾಯಿಪಾಠ ಮಾಡಿದ್ದನ್ನು ಹೇಳಿದೆ. ತಡವರಿಸಲಿಲ್ಲ. ಬಾಯಿಯವರಿಗೆ ಸಂತೋಷವಾಯಿತು.

ಆಮೇಲೆ ಅಕ್ಕನ ಸರದಿ. ಅವರದು ಗಿರಾಕಿಗಳ ಜೊತೆ ಕಲಿತ ಮರಾಠಿ. ಇಡ್ಲಿ ಆಯಿತೇ, ಚಟ್ನಿ ಬೇಕೇ, ಚಿಲ್ಲರೆ ಕೊಡಿ, ಅದಕ್ಕೆಲ್ಲ ಸಾಕು. ಇಂಜಿನಿಯರ್ ಕಾನೂನಿನ ಮರಾಠಿಯಲ್ಲಿ, ಜಾಗದ ಮೇಲೆ ನಿಮ್ಮ ವಹಿವಾಟಿನ ಹಕ್ಕು ಯಾವುದು, ಪರ್ಯಾಯ ಮಾರ್ಗ ಏಕಿಲ್ಲ ಎಂದು ಒಂದರ ಮೇಲೊಂದು ಕೇಳತೊಡಗಿದರು. ಅವರು ಜೋರು ಮಾಡಲಿಲ್ಲ, ಆದರೆ ನಿಲ್ಲಿಸಲೂ ಇಲ್ಲ. ಅಕ್ಕ 'ದಾರ್', 'ಆಗ್', 'ಗ್ಯಾಸ್' ಎಂದು ಬಿಡಿ ಮರಾಠಿ ಪದ ಅನ್ನುತ್ತ ಬಾಗಿಲು, ಬೆಂಕಿ ಎಂಬುದನ್ನು ಕೈಯಲ್ಲಿ ತೋರಿಸಲು ಹೋದರು. ಹಿಂದೆ ಯಾರೋ ಕಿಸಕ್ಕೆಂದರು. ಅಕ್ಕನಿಗೆ ಇದ್ದ ಮಾತೂ ನಿಂತುಹೋಯಿತು. ಕಡೆಗೆ ಅವರು ಕನ್ನಡದಲ್ಲಿ, ಯಾರಿಗೂ ಅಲ್ಲ ಎಂಬಂತೆ, "ನನಗೆ ಹೇಳ್ಲಿಕ್ಕೆ ಬರುದಿಲ್ಲ" ಅಂದರು.

ಆ ಕೋಣೆಯಲ್ಲಿ ಅದು ಅರ್ಥವಾದದ್ದು ನನಗೊಬ್ಬನಿಗೇ.

ಎದ್ದು ನಿಂತದ್ದು ನೆನಪಿದೆ. ಏಕೆ ಎದ್ದೆ ಎಂದು ಇವತ್ತು ಕೇಳಿದರೂ ನೆಟ್ಟಗೆ ಹೇಳಲಾರೆ. ಅವರು ಕನ್ನಡದಲ್ಲಿ ಹೇಳಲಿ, ನಾನು ಮರಾಠಿಯಲ್ಲಿ ತಿಳಿಸುತ್ತೇನೆ ಎಂದು ಇಂಜಿನಿಯರ್‌ಗೆ ಹೇಳಿದೆ. ಬಾಯಿ ನನ್ನ ತೋಳು ಹಿಡಿದು ಎಳೆದರು. ನಾನು ಕೂರಲಿಲ್ಲ.

"ಹೇಳ್ರಿ ಅಕ್ಕಾರ. ಸಾವಕಾಶ ಹೇಳ್ರಿ."

ಅಕ್ಕ ಹೇಳಿದರು. ಒಲೆಗಳು ಎಲ್ಲಿವೆ, ಮುಂಬಾಗಿಲಿಗೂ ಅದಕ್ಕೂ ನಡುವೆ ಎಷ್ಟು ಟೇಬಲ್ಲುಗಳು, ಒಮ್ಮೆ ಎಣ್ಣೆಯ ಬಾಣಲೆಗೆ ಬೆಂಕಿ ಹತ್ತಿದಾಗ ದೋಸೆ ಭಟ್ಟರು ಹಿಂಬಾಗಿಲಿಂದಲೇ ಹೊರಗೆ ಹಾರಿದ್ದು, ಅವರ ಕೈ ಇನ್ನೂ ಪೂರ್ತಿ ಮಡಚಲು ಬರದೇ ಇರುವುದು. ಈ ಬೆಂಕಿಯ ವಿಷಯ ನನಗೂ ಗೊತ್ತಿರಲಿಲ್ಲ. ಭಟ್ಟರು ಮೊಣಕೈ ಮಡಚದೆ ದೋಸೆ ತಿರುವುವುದನ್ನು ಎಷ್ಟೋ ಸಲ ನೋಡಿದ್ದೆ, ಅದು ಅವರ ಶೈಲಿ ಅಂದುಕೊಂಡಿದ್ದೆ. ಒಂದೊಂದು ಮಾತನ್ನೂ ಮರಾಠಿಗೆ ತಿರುಗಿಸುತ್ತ ಹೋದೆ. ನನ್ನ ವಾದಕ್ಕಿಂತ ಅದು ಚೆನ್ನಾಗಿತ್ತು. ಹಿಂದೆ ಯಾರೂ ನಗಲಿಲ್ಲ.

ಇಂಜಿನಿಯರ್ ಪೆನ್ನು ಕೆಳಗಿಟ್ಟು ನನ್ನನ್ನು ನೋಡಿದರು. "ತುಮ್ಹೀ ನಕ್ಕೀ ಕೋಣಾಚ್ಯಾ ಬಾಜೂನೇ?"

ನೀವು ನಿಜಕ್ಕೂ ಯಾರ ಕಡೆಯವರು? ತೋಟವೂ ಬೇಕು, ಬಾಗಿಲೂ ಇರಬೇಕು ಅಂದೆ. ಬಂದು ಜಾಗ ನೋಡಿ, ಆಮೇಲೆ ಬರೆಯಿರಿ ಅಂದೆ.

ಹೊರಗೆ ಬಂದಾಗ ರಿಕ್ಷಾ ನಿಲ್ಲಿಸಿದೆ. ಬಾಯಿ ಹತ್ತಲಿಲ್ಲ. ತಾವು ನಡೆದೇ ಬರುವುದಾಗಿ ಮರಾಠಿಯಲ್ಲಿ ಹೇಳಿ, ಆ ಬಿಸಿಲಿನಲ್ಲಿ ಛತ್ರಿ ಬಿಚ್ಚಿ ಹೊರಟೇಬಿಟ್ಟರು. ಅಕ್ಕ ಅಷ್ಟರಲ್ಲಿ ಹೋಗಿಯಾಗಿತ್ತು, ಸಂಜೆಯ ವಡೆಗೆ ಹಿಟ್ಟು ರುಬ್ಬಿಸಬೇಕಿತ್ತು. ನಾನು ರಿಕ್ಷಾದವನಿಗೆ ಕ್ಷಮೆ ಕೇಳಿ, ನಾನೂ ನಡೆದೆ, ಬಾಯಿಯ ಹಿಂದೆ, ಸ್ವಲ್ಪ ದೂರ ಬಿಟ್ಟು. ದಾರಿಯುದ್ದಕ್ಕೂ ಅವರು ಒಮ್ಮೆಯೂ ತಿರುಗಿ ನೋಡಲಿಲ್ಲ.

ಸುದ್ದಿ ಲಿಫ್ಟಿನಲ್ಲೇ ಹೆಂಡತಿಗೆ ಸಿಕ್ಕಿತ್ತು. ರಾತ್ರಿ ಊಟ ಮುಗಿಯುವ ಹೊತ್ತಿಗೆ ಅಂದಳು, "ಭಾಳ ದೊಡ್ಡದ ಮಾಡಿದ್ರಿ ಅಂತ ಅನ್ನಂಗಿಲ್ಲ. ಆದ್ರ ಇವತ್ತ ಎರಡನೇ ಸರ್ತಿ ಅನ್ನ ಹಾಕಿಸ್ಕೊಂಡ್ರಿ."

ಇಂಜಿನಿಯರ್ ಬಂದದ್ದು ತಡವಾಗಿ. ನಡುವೆ ಚುನಾವಣೆಯ ನೀತಿಸಂಹಿತೆ ಬಂದು ಎಲ್ಲ ಫೈಲುಗಳೂ ನಿಂತವು. ಆ ದಿನಗಳು ನನಗೆ ಅತಿ ಕಷ್ಟದವು. ವಾರ್ಡ್ ಆಫೀಸಿಗೆ ಹೋಗುವಂತಿಲ್ಲ, ಸೊಸಾಯಿಟಿಯಲ್ಲಿ ಕೆಲವರು ಎದುರಾದರೆ ಮುಖ ತಿರುಗಿಸುತ್ತಿದ್ದರು, ಹೋಟೆಲಿಗೆ ಹೋಗಲು ಸಂಕೋಚ. ಅಕ್ಕನ ಪರ ಮಾತಾಡಿದ್ದಕ್ಕೆ ಪುಕ್ಕಟೆ ಚಹಾ ಕುಡಿಯಲು ಬಂದ ಅಂದಾರು ಎಂಬ ಹುಚ್ಚು ಯೋಚನೆ. ಕಡೆಗೆ ಅಕ್ಕನೇ ಒಂದು ದಿನ ರಸ್ತೆಯಲ್ಲಿ ತಡೆದು ಕೇಳಿದರು, "ಎಂತ ಮಾರಾಯ್ರೆ, ನನ್ನ ಪರ ಮಾತಾಡಿ ನನ್ನ ಮೇಲೆಯೇ ಸಿಟ್ಟಾ?" ಅವತ್ತಿನಿಂದ ಮತ್ತೆ ಹೋಗತೊಡಗಿದೆ. ಚಹಾಕ್ಕೆ ದುಡ್ಡು ತೆಗೆದುಕೊಂಡರು, ಎಂದಿನಂತೆ. ಅದು ನನಗೆ ಹಿತವೆನಿಸಿತು.

ಜಾಗ ಅಳೆಯುವ ದಿನ ಇಂಜಿನಿಯರ್ ಜೊತೆ ಬರಬೇಕಿದ್ದವರು ಬರಲಿಲ್ಲ. ಇಂಜಿನಿಯರ್ ಟೇಪು ಬಿಚ್ಚಿ ಯಾರು ಹಿಡಿಯುತ್ತೀರಿ ಎಂದು ನೋಡಿದಾಗ ಇನ್ನೊಂದು ತುದಿ ನಾನು ಹಿಡಿದೆ. ಅಳೆಯುವ ವಸ್ತು ಕೈಗೆ ಬಂದು ಎಷ್ಟು ಕಾಲವಾಗಿತ್ತು! ಟೇಪು ಜೋತು ಬೀಳದಂತೆ ಬಿಗಿಯಾಗಿ ಹಿಡಿದು ಕಲ್ಲುಮಣ್ಣಿನ ಮೇಲೆ ನಡೆದೆ. ಬಾಯಿ ತಮ್ಮ ಕಿಟಕಿಯಿಂದ ನೋಡುತ್ತಿದ್ದವರು ಸ್ವಲ್ಪ ಹೊತ್ತಿಗೆ ಕೆಳಗೆ ಬಂದರು. ಹೋಟೆಲಿನ ಗೋಡೆಯುದ್ದಕ್ಕೂ ಒಂದು ದಾರಿ ಬಿಟ್ಟರೆ ತೋಟಕ್ಕೆ ಎಷ್ಟು ಉಳಿಯುತ್ತದೆ ಎಂದು ಇಂಜಿನಿಯರ್‌ಗೆ ಕೇಳಿದರು, ನನಗಲ್ಲ. ಅವರು ಹೇಳಿದರು. ಬಾಯಿ, ಹಿರಿಯರಿಗೆ ಕೂರಲು ಕಲ್ಲುಬೆಂಚು ಹಾಕಬೇಕೆಂದಿದ್ದ ಮೂಲೆ ಹೋಗುತ್ತದೆ, ಹೋಗಲಿ ಅಂದರು.

ಮಂಜೂರಿ ಬಂತು. ಬೇಲಿ ಗೋಡೆಯಿಂದ ಒಳಕ್ಕೆ ಸರಿಯಿತು, ಹಿಂಬಾಗಿಲಿಗೆ ದಾರಿ ಉಳಿಯಿತು. ಕಾಯಿಪಲ್ಲೆಯ ಮಡಿಗಳಿಗೆ ಒಂದೇ ಬದಿಯಲ್ಲಿ ಒಪ್ಪಿಗೆ. ಉಳಿದದ್ದರಲ್ಲಿ ಪಾಲಿಕೆಯವರದೇ ಹುಲ್ಲು, ಅವರದೇ ಗಿಡ. ಬಾಯಿ ಬಯಸಿದ್ದಕ್ಕಿಂತ ಬಹಳ ಕಡಿಮೆ. ಸೊಸಾಯಿಟಿಯ ಕೆಲವರು ಇವತ್ತಿಗೂ, ಒಬ್ಬ ಮನುಷ್ಯ ಬಾಯಿ ಮುಚ್ಚಿಕೊಂಡಿದ್ದರೆ ಪೂರ್ತಿ ಜಾಗ ನಮ್ಮದಾಗುತ್ತಿತ್ತು ಅನ್ನುತ್ತಾರೆ. ನನಗೆ ಕೇಳಿಸುವಂತೆಯೇ ಅನ್ನುತ್ತಾರೆ. ಇರಬಹುದು ಎಂದು ನನಗೂ ಒಮ್ಮೊಮ್ಮೆ ಅನಿಸುತ್ತದೆ, ಆಗ ಮಂಚದಿಂದ ಎದ್ದು ಹಾಲ್‌ನಲ್ಲಿ ನಾಲ್ಕು ಹೆಜ್ಜೆ ಹಾಕುತ್ತೇನೆ.

ಅಷ್ಟರಲ್ಲಿ ವಾಕಡದ ಆಚೆಯ ಒಂದು ಸಣ್ಣ ಕಾರ್ಖಾನೆಯಲ್ಲಿ ನನಗೆ ಕೆಲಸ ಸಿಕ್ಕಿತು. ಕಸ ಎತ್ತಿ, ಕೆಂಪು ಮಣ್ಣು ತಂದು ಹಾಕಿದ್ದೆಲ್ಲ ನಾನಿಲ್ಲದಾಗಲೇ ಆಯಿತು. ಮೊದಲ ಸಲ ಗಿಡ ನೆಡುವ ರವಿವಾರ ಮಾತ್ರ ಇದ್ದೆ. ಬಾಯಿ ಮೊಣಕಾಲೂರಿ ಮಡಿ ಮಾಡುತ್ತಿದ್ದರು. ನನಗೆ ಒಂದು ಕುರ್ಪಿ ಕೊಟ್ಟರು, ಮಾತಾಡಿಸಲಿಲ್ಲ, ಸುನಾವಣಿಯ ದಿನದಿಂದಲೂ ಹಾಗೇ. ಹಿಂಬಾಗಿಲು ತೆಗೆದು ಅಕ್ಕ ಬೇಲಿಯ ಹತ್ತಿರ ಬಂದು ನಿಂತರು, ಕೈಯಲ್ಲಿ ಒದ್ದೆ ಬಟ್ಟೆಯಲ್ಲಿ ಸುತ್ತಿದ ಗೆಡ್ಡೆ.

"ಇದು ಕೆಸು. ಪತ್ರೊಡೆ ಮಾಡ್ಲಿಕ್ಕೆ. ಊರಿಂದ ತರಿಸಿದ್ದು. ಅವರಿಗೆ ಹೇಳಿ, ನೀರು ನಿಲ್ಲುವಲ್ಲಿ ನೆಡ್ಬೇಕು."

ನಾನು ಮರಾಠಿಯಲ್ಲಿ ಹೇಳಲು ಹೊರಟೆ. ಬಾಯಿ ಗೆಡ್ಡೆ ಇಸಿದುಕೊಂಡು ಮೂಸಿ, "ಹಾ ತರ ಅಳೂ!" ಅಂದರು. ಇದು ಅಳೂವೇ ಅಲ್ಲವೇ, ಅಳೂವಡಿ, ಅಂದರೆ ಮರಾಠಿಯವರ ಪತ್ರೊಡೆ, ಮಾಡುವ ಎಲೆ ಇದೇ, ತಮ್ಮ ತಾಯಿ ಶ್ರಾವಣದಲ್ಲಿ ಮಾಡುತ್ತಿದ್ದರು, ಹುಣಸೆ ಜಾಸ್ತಿ ಹಾಕಬೇಕು, ಇಲ್ಲದಿದ್ದರೆ ಗಂಟಲು ಕೆರೆಯುತ್ತದೆ ಎಂದು ಒಂದೇ ಉಸಿರಿಗೆ ಮರಾಠಿಯಲ್ಲಿ ಹೇಳಿದರು. ಹುಣಸೆ ಎಂಬಲ್ಲಿ ಅಕ್ಕನಿಗೆ ಅರ್ಥವಾಗಿಹೋಯಿತು. ಹುಣಸೆಯಷ್ಟೇ ಸಾಲದು, ಅಕ್ಕಿ ನೆನೆಸಿ ರುಬ್ಬಬೇಕು ಎಂದು ತಮ್ಮ ಹೋಟೆಲಿನ ಮರಾಠಿಯಲ್ಲಿ ಶುರು ಮಾಡಿದರು. ಅಕ್ಕಿ ಯಾಕೆ, ಕಡಲೆಹಿಟ್ಟು ಎಂದು ಬಾಯಿ. ಬೇಲಿಯ ಎರಡೂ ಕಡೆ ದನಿ ಏರಿತು. ನಾನು ನಡುವೆ ಎರಡು ಸಲ ಬಾಯಿ ಹಾಕಿದೆ. ಇಬ್ಬರೂ ನನ್ನ ಕಡೆ ನೋಡಲೇ ಇಲ್ಲ.

ಕುರ್ಪಿ ಹಿಡಿದು ಗುಂಡಿ ತೋಡತೊಡಗಿದೆ. ಮಣ್ಣು ಇನ್ನೂ ಗಟ್ಟಿಯಿತ್ತು, ಒಂದೊಂದು ಏಟಿಗೂ ಹಳೆಯ ಟೈಲ್ಸಿನ ಚೂರು ಏಳುತ್ತಿತ್ತು. ಬಾಯಿ ಮಾತಿನ ನಡುವೆಯೇ ಬಗ್ಗಿ ಗುಂಡಿಯನ್ನು ನೋಡಿ, ಇನ್ನೂ ಆಳ ಬೇಕು ಅಂದರು. ಅದನ್ನು ನನಗೇ ಹೇಳಿದರು.